ಉಪ್ಪಿಲ್ಲದ ಎಡೆ

ನನ್ನ ಮಾವನನ್ನು ಉಪವಾಸ ಕೆಡವಬೇಕೆಂದೇ ನಾನು ಕಾಂಬೋಡಿಯಾಕ್ಕೆ ಹೋದದ್ದು. ಅವರು ತೀರಿಕೊಂಡು ಆಗ ಹನ್ನೊಂದು ವರ್ಷವಾಗಿತ್ತು.

ಬೆಂಗಳೂರಿನ ಹೊರಮಾವಿನ ನಮ್ಮಂಥ ಹಳೇ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರ ಫೋಟೋಗಳನ್ನು ಸಾಲಾಗಿ ಇಟ್ಟು, ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನು ಬಡಿಸಬೇಕು. ಅತ್ತೆಗೆ ಕಜ್ಜಾಯ, ಎಲೆ ಅಡಿಕೆ. ಮಾವನಿಗೆ ನಾಟಿ ಕೋಳಿ ಸಾರು, ರಾಗಿ ಮುದ್ದೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಒಂದು ಕ್ವಾರ್ಟರ್. ಧೂಪ ಹಾಕಿದ ಮೇಲೆ ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗುತ್ತೇವೆ. ಆಮೇಲೆ ಅದೇ ಎಲೆಗಳ ಮುಂದೆ ಕೂತು ನಮ್ಮ ಊಟ. ಅಪ್ಪನ ಎಲೆ ಮಗನದು. ಎಡೆಯ ಅಡುಗೆಯನ್ನು ಮೊದಲೇ ಯಾರೂ ರುಚಿ ನೋಡುವ ಹಾಗಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಅನುಕೂಲವಾಯಿತು.

ಹತ್ತು ವರ್ಷ ನಾನು ಮಾವನ ಎಲೆಗೆ ಉಪ್ಪಿಲ್ಲದ ಸಾರು ಬಡಿಸಿದ್ದೇನೆ. ಮಿಕ್ಕವರಿಗೆ ದೊಡ್ಡ ಪಾತ್ರೆಯದು. ಅವರಿಗೆ ಮಾತ್ರ ಪುಟ್ಟ ಸ್ಟೀಲ್ ಪಾತ್ರೆಯಲ್ಲಿ ಬೇರೆ. ಕೋಳಿ ಅದೇ, ಮಸಾಲೆ ಅದೇ, ಮೇಲೆ ತೇಲುವ ಎಣ್ಣೆಯೂ ಅದೇ. ಉಪ್ಪು ಒಂದು ಹರಳೂ ಇಲ್ಲ. ಆ ಎಲೆಯಲ್ಲಿ ಉಣ್ಣುವ ನನ್ನ ಗಂಡ ಒಂದು ಸಲವಾದರೂ ಏನೂ ಅನ್ನಲಿಲ್ಲ. ಹಿರಿಯರು ಉಂಡ ಮೇಲೆ ಎಡೆಯಲ್ಲಿ ರುಚಿ ಉಳಿಯುವುದಿಲ್ಲವೆಂದು ನಮ್ಮಲ್ಲಿ ಕೆಲವರು ನಂಬುತ್ತಾರೆ. ಇವರೂ ಹಾಗೇ ನಂಬಿಕೊಂಡು ಉಣ್ಣುತ್ತಿದ್ದಾರೆ, ಪೆದ್ದು ಮನುಷ್ಯ, ಎಂದು ನಾನು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕದ್ದುಂಟು.

ಇಷ್ಟು ದ್ವೇಷ ಯಾಕೆ ಎಂದರೆ ಹೇಳುತ್ತೇನೆ. ಇಪ್ಪತ್ತಾರು ವರ್ಷದ ಹಿಂದೆ ಒಂದು ದಿನ ಆ ಮನೆಯಲ್ಲಿ ಹದಿನೆಂಟು ಜನಕ್ಕೆ ಊಟ. ಕೆರೆ ಪಕ್ಕದ ನಮ್ಮ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರು ರುಜು ಹಾಕಲು ಬಂದಿದ್ದರು. ನಾನು ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಬೆಳಗಿನಿಂದ ಒಲೆಯ ಮುಂದೆ. ನಡುಮನೆಯ ಗೂಡಿನಲ್ಲಿದ್ದ ಫೋನ್ ಒಮ್ಮೆ ಹೊಡೆದುಕೊಂಡದ್ದು ಕೇಳಿಸಿತು. ಯಾರೋ ಎತ್ತಿದರು, ನಿಂತಿತು. ಬಂದವರು ಉಂಡು, ಕೈ ತೊಳೆದು, ರುಜು ಹಾಕಿ, ಕಾರು ಹತ್ತಿ ಹೋದ ಮೇಲೆ ಮಾವ ನನ್ನನ್ನು ಜಗಲಿಗೆ ಕರೆದರು.

"ನಿಮ್ಮಮ್ಮ ಹೋಗ್ಬಿಟ್ರಂತಮ್ಮ. ಹೊರಡು," ಎಂದರು.

ನನ್ನ ತವರು ಹೊಸಕೋಟೆಯ ಆಚೆ, ಎರಡು ಬಸ್ಸಿನ ದಾರಿ. ನಾನು ಮುಟ್ಟುವ ಹೊತ್ತಿಗೆ ಅಮ್ಮನನ್ನು ಮಣ್ಣು ಮಾಡಿ ಬಂದ ಗಂಡಸರು ಬಾವಿಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಕಡೆಯ ಸಲ ಆ ಮುಖ ನೋಡುವುದು ನನಗೆ ಸಿಗಲಿಲ್ಲ. ಯಾಕೆ ಕಾಯಲಿಲ್ಲ ಎಂದು ಅಣ್ಣನ ಅಂಗಿ ಹಿಡಿದು ಜಗ್ಗಿದೆ.

"ಬೆಳಿಗ್ಗೆ ಹತ್ತು ಗಂಟೆಗೇ ಫೋನ್ ಮಾಡಿದ್ನಲ್ಲಮ್ಮ. ಅವಳು ಮನೇಲಿಲ್ಲ, ಬರೋದು ಲೇಟಾಗುತ್ತೆ, ಕಾಯ್ಬೇಡಿ ಅಂತ ನಿಮ್ಮನೆಯೋರೇ ಅಂದ್ರು," ಎಂದ.

"ಯಾರು ಅಂದಿದ್ದು?"

"ಗಂಡಸರ ದನಿ. ಆ ಹೊತ್ತಲ್ಲಿ ನಾನೇನು ದನಿ ಗುರುತು ಹಿಡೀತಾ ಕೂತ್ಕೊಳ್ಲಾ?"

ಹನ್ನೊಂದು ದಿನದ ಕಾರ್ಯ ಮುಗಿಸಿ ಬಂದವಳು ಬ್ಯಾಗನ್ನೂ ಇಳಿಸದೆ ಜಗಲಿಯಲ್ಲಿ ನಿಂತು ಕೇಳಿದೆ: ಕಾಯಬೇಡಿ ಅಂದವರು ಯಾರು? ನನ್ನ ಗಂಡ ತೊಟ್ಟಿಯ ಹತ್ತಿರ ಮುಖ ತೊಳೆಯುತ್ತಿದ್ದರು. ಮಾವ ಬೀಡಿ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ನಾನೇ ಅಂದೆ. ಊಟ ಕೆಡ್ತಿತ್ತು," ಎಂದರು. ನನ್ನ ಗಂಡ ಮುಖ ತೊಳೆಯುತ್ತಲೇ ಇದ್ದರು.

ಊಟ ಕೆಡುತ್ತಿತ್ತಂತೆ. ಆ ಮಾತನ್ನು ನಾನು ಎಷ್ಟು ಸಲ ಅಗಿದಿದ್ದೇನೋ ಲೆಕ್ಕವಿಲ್ಲ. ಅದಾದ ಮೇಲೆ ಮಾವ ಹದಿನೈದು ವರ್ಷ ಬದುಕಿದರು. ಒಂದು ದಿನವೂ ನನ್ನ ಕೈಯಿಂದ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಹಾಕಿದಷ್ಟನ್ನು ಉಂಡು, ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಏಳುತ್ತಿದ್ದರು. ಅದನ್ನು ಕೊಬ್ಬು ಎಂದುಕೊಂಡೆ. ಅವರು ಸತ್ತ ದಿನ ಬಂದವರ ಮುಂದೆ ಅಳಬೇಕಲ್ಲ ಎಂದು ನನ್ನ ಅಮ್ಮನನ್ನು ನೆನೆಸಿಕೊಂಡು ಅತ್ತೆ.

ಅವರು ಹೋದ ಹನ್ನೊಂದನೆಯ ವರ್ಷ ನನ್ನ ಗಂಡನಿಗೆ ಹೊಸ ಹುರುಪು ಬಂತು. ಆ ಜಮೀನಿನ ಅಪಾರ್ಟ್‌ಮೆಂಟಿಗೆ ಸೇರಿಸಿದ ಹೊಸ ಬ್ಲಾಕಿಗೆ ಅವರ ಅಪ್ಪನ ಹೆಸರಿಟ್ಟರು. ಅಪ್ಪನ ಫೋಟೋವನ್ನು ಬಾಗಿಲಗಲ ದೊಡ್ಡದು ಮಾಡಿಸಿ, ಸುತ್ತ ಬಣ್ಣದ ಲೈಟು ಹಾಕಿಸಿ, ಈ ಸಲ ನೆಂಟರನ್ನೆಲ್ಲ ಕರೆದು ಎಡೆ ಇಡೋಣ ಎಂದರು. ಲೈಟು ಹತ್ತಿ ಆರುವ ಆ ಮುಖವನ್ನು ನೋಡಿದಾಗ, ಉಪ್ಪು ಬಿಟ್ಟರೆ ಸಾಲದು, ಊಟವನ್ನೇ ಬಿಡಿಸಬೇಕು ಎಂದು ನಿಶ್ಚಯಿಸಿದೆ. ಇವರು ಒಬ್ಬನೇ ಮಗ. ನನಗೆ ವಾರಗಿತ್ತಿಯರಿಲ್ಲ. ಮನೆಯ ಒಲೆಯಲ್ಲಿ ಬೇಯದ್ದನ್ನು ಎಡೆಗೆ ಇಡುವಂತಿಲ್ಲ, ಇವರಿಗೆ ಹಾಲು ಕಾಯಿಸುವುದಕ್ಕೂ ಬರುವುದಿಲ್ಲ. ನಾನು ಊರಲ್ಲಿ ಇಲ್ಲದಿದ್ದರೆ ಆಯಿತು, ಮಾವನಿಗೆ ಆ ವರ್ಷ ಬರಿ ಎಲೆಯೇ ಗತಿ.

ಮಗಳು ಸರ್ವಜ್ಞನಗರದಲ್ಲಿ ಬಾಡಿಗೆಗಿದ್ದಾಳೆ, ಶಾಲೆಯೊಂದರಲ್ಲಿ ಟೀಚರು. ಅವಳ ಹತ್ತಿರ ಹೋಗಿ, ಅಮಾವಾಸ್ಯೆಯ ವಾರ ನನ್ನನ್ನು ಎಲ್ಲಾದರೂ ದೂರ ಕಳಿಸು ಎಂದೆ.

"ಎಲ್ಲಿಗಮ್ಮ?"

"ನಮ್ಮ ಹಬ್ಬ ಹುಣ್ಣಿಮೆ ಏನೂ ಗೊತ್ತಿಲ್ಲದ ಕಡೆಗೆ."

"ಅಲ್ಲೆಲ್ಲ ಈಗ ಮಳೆ. ಯಾರೂ ಹೋಗಲ್ಲ."

"ಹಾಗಾದ್ರೆ ಇನ್ನೂ ಒಳ್ಳೇದು. ಕಳಿಸು."

ಅವಳು ಕಾಲೇಜಿನಲ್ಲಿ ಟ್ರೆಕ್ಕಿಂಗಿಗೆ ಒಯ್ಯುತ್ತಿದ್ದ ಬೆನ್ನುಚೀಲವನ್ನು ಕೊಟ್ಟಳು. ಶಿವಾಜಿನಗರದಲ್ಲಿ ಅದರ ಜಿಪ್ಪು ಹಾಕಿಸಿ, ಅಲ್ಲೇ ಒಂದು ಹಳದಿ ರೇನ್‌ಕೋಟು ಕೊಂಡೆ. ಐವತ್ಮೂರು ವರ್ಷಕ್ಕೆ ಮೊದಲ ಪಾಸ್‌ಪೋರ್ಟು. ನನ್ನ ಗಂಡ ಬಾಗಿಲಲ್ಲಿ ನಿಂತು, "ಎಡೆ ಯಾರೇ ಇಡ್ತಾರೆ?" ಎಂದು ಕೇಳಿದರು. "ನಿಮ್ಮಪ್ಪ ತಾನೇ? ನೀವೇ ಇಡಿ," ಎಂದೆ. ಜಗಳಕ್ಕೆ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಚೀಲದ ಪಟ್ಟಿ ತಿರುಚಿಕೊಂಡಿದ್ದನ್ನು ಸರಿ ಮಾಡಿ ಕಳಿಸಿದರು.

ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ಇಳಿದಾಗ ಮಧ್ಯಾಹ್ನ, ಮಳೆ ಹಗ್ಗ ಬಿಟ್ಟ ಹಾಗೆ ಸುರಿಯುತ್ತಿತ್ತು. ಹೊರಗೆ ನಿಂತಿದ್ದ ಆಟೋಗಳು ಥೇಟ್ ನಮ್ಮವೇ, ಬಣ್ಣ ಮಾತ್ರ ಬೇರೆ. ಪಕ್ಕಕ್ಕೆ ನೀಲಿ ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡು, ಮೊಣಕಾಲುದ್ದ ನೀರಿನಲ್ಲಿ ನಾನು ಹತ್ತಿದ ಆಟೋ ಹೋದ ರೀತಿಗೆ ನನಗೆ ರಾಮಮೂರ್ತಿ ನಗರದ ಅಂಡರ್‌ಪಾಸ್ ನೆನಪಾಯಿತು. ಮಗಳು ಗೊತ್ತು ಮಾಡಿದ್ದ ಕೋಣೆ ನದಿದಂಡೆಯ ಹಿಂದಿನ ಓಣಿಯಲ್ಲಿ, ಒಂದು ಮನೆಯ ಎರಡನೇ ಮಹಡಿ. ಮನೆಯೊಡತಿಗೆ ನನ್ನದೇ ವಯಸ್ಸು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು.

ಮರುದಿನ ಹಳದಿ ಕೋಟು ತೊಟ್ಟು ಹೊರಟೆ. ಯಾರಿಗೂ ಕಾಫಿ ಕೊಡದೆ ಬೀದಿಗಿಳಿದ ಬೆಳಗು ಮದುವೆಯಾದ ಮೇಲೆ ಅದೇ ಮೊದಲು. ಎರಡು ನದಿ ಕೂಡುವಲ್ಲಿ ನಿಂತು ಕೆಂಪು ನೀರು ನೋಡಿದೆ. ಹಳದಿ ಗುಮ್ಮಟದ ಮಾರ್ಕೆಟ್ಟಿನಲ್ಲಿ ಒಣಮೀನಿನ ಸಾಲು, ಅದರಾಚೆ ತಾವರೆ ಮೊಗ್ಗಿನ ರಾಶಿ. ತಾವರೆಯ ಹೊರ ಎಸಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿ ಕೂಡಿಸುತ್ತಿದ್ದ ಹೆಂಗಸರ ಬೆರಳನ್ನು ನೋಡುತ್ತ ಬಹಳ ಹೊತ್ತು ನಿಂತೆ. ಅಂಗಡಿಗಳು ಅರ್ಧಕ್ಕರ್ಧ ಮುಚ್ಚಿದ್ದವು. ಮಳೆಗೆ ಇರಬೇಕು ಎಂದುಕೊಂಡೆ.

ಮಳೆಗಲ್ಲ. ಮೊಬೈಲ್ ಅಂಗಡಿಯೊಂದರ ಸೂರಿನ ಕೆಳಗೆ ನೀರು ಒರೆಸಿಕೊಳ್ಳಲು ನಿಂತಿದ್ದೆ. ಹೊಸ್ತಿಲ ಮುಂದೆ ಪುಟ್ಟ ಮೇಜು, ಮೇಜಿನ ಮೇಲೆ ಒಂದು ಹಳೇ ಫೋಟೋ, ಅದರ ಮುಂದೆ ಬೇಯಿಸಿದ ಇಡೀ ಕೋಳಿ, ಅನ್ನ, ಗ್ಲಾಸಿನಲ್ಲಿ ಮದ್ಯ, ಹಚ್ಚಿಟ್ಟ ಸಿಗರೇಟು. ಇದು ನಮ್ಮ ಎಡೆಯೇ. ಮುಂದೆ ನೋಡಿದರೆ ಬಿಳಿ ಕುಪ್ಪಸದ ಹೆಂಗಸರು ಛತ್ರಿ ಹಿಡಿದು, ಮೂರು ನಾಲ್ಕು ಅಂತಸ್ತಿನ ಊಟದ ಕ್ಯಾರಿಯರ್ ಹೊತ್ತು ಒಂದೇ ಕಡೆಗೆ ನಡೆಯುತ್ತಿದ್ದರು.

ಸಂಜೆ ಮನೆಯೊಡತಿ ಬಿಡಿಸಿ ಹೇಳಿದಳು. ಇಲ್ಲಿ ಹದಿನೈದು ದಿನ ಹಿರಿಯರ ಹಬ್ಬ, ಅಮಾವಾಸ್ಯೆಗೆ ಮುಗಿಯುತ್ತದೆ, ಅಂಗಡಿಯವರೆಲ್ಲ ಹಿರಿಯರಿಗೆ ಉಣಿಸಲು ಊರಿಗೆ ಹೋಗಿದ್ದಾರೆ. ಅಮಾವಾಸ್ಯೆ ಎನ್ನುವುದು ಕೆ.ಆರ್. ಪುರದ ದಿನಸಿ ಅಂಗಡಿಯವರು ಕೊಡುವ ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತದೆ ಎಂದುಕೊಂಡು ಬಂದವಳು ನಾನು. ಎಡೆ ತಪ್ಪಿಸಲು ಸಮುದ್ರ ದಾಟಿ, ಊರಿಗೆ ಊರೇ ಎಡೆ ಇಡುತ್ತಿರುವ ಕಡೆಗೆ ಬಂದು ಬಿದ್ದಿದ್ದೆ.

ಆದರೆ ಅವಳು ಹೇಳಿದ ಮುಂದಿನ ಮಾತು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಸತ್ತವರು ಈ ದಿನಗಳಲ್ಲಿ ಹಸಿದುಕೊಂಡು ಏಳು ಗುಡಿ ಸುತ್ತುತ್ತಾರಂತೆ, ತಮ್ಮವರು ಊಟ ತಂದಿದ್ದಾರೆಯೇ ಎಂದು. ಅವರ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಸನ್ಯಾಸಿ ಓದುತ್ತಾರೆ, ಆಮೇಲೆ ಚೀಟಿ ಸುಡುತ್ತಾರೆ. ಹೆಸರು ಕೂಗಿದವರಿಗೆ ಅನ್ನ ಮುಟ್ಟುತ್ತದೆ.

"ಕೂಗದಿದ್ದರೆ?" ಎಂದು ಕೇಳಿದೆ.

ನೋಡುತ್ತ ನಿಲ್ಲುತ್ತಾರೆ, ಎಂದಳು. ನಿನ್ನವರು ಯಾರಾದರೂ ಇದ್ದಾರೆಯೇ, ಚೀಟಿ ಬರೆಯುತ್ತೀಯಾ ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ಮುಂದಿನ ಎರಡು ದಿನ ನಾನು ಆ ಊರನ್ನು ನೋಡಿದ್ದು ಗುಡಿ ಲೆಕ್ಕದಲ್ಲಿ. ದಿಬ್ಬದ ಮೇಲಿನ ಗುಡಿಗೆ ಮೆಟ್ಟಿಲು ಹತ್ತಿದೆ, ಮರದ ಬೇರಿನ ಮೇಲೆ ನೀರು ಹೊಳೆಯಾಗಿ ಇಳಿಯುತ್ತಿತ್ತು. ನದಿಯ ಮುಂದಿನ ಚಿನ್ನದ ಬಣ್ಣದ ಗುಡಿ, ಸೇತುವೆ ದಾಟಿದ ಮೇಲಿನ ಬಡ ಗುಡಿ, ಶಾಲೆಯ ಅಂಗಳದೊಳಗಿನದು. ಒಂದು ಕಡೆ ನನ್ನ ಚಪ್ಪಲಿಯನ್ನು ನೀರು ಹೊತ್ತೊಯ್ದಿತು, ಮಾರ್ಕೆಟ್ಟಿನಲ್ಲಿ ರಬ್ಬರಿನದು ಕೊಂಡೆ. ಇನ್ನೊಂದು ಕಡೆ ಒಬ್ಬಳು ಅಜ್ಜಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು ಕೈಗಿಟ್ಟಳು, ಒಳಗೆ ಬಾಳೆಹಣ್ಣು, ನಮ್ಮ ಕಡುಬಿಗಿಂತ ಜಿಗುಟು, ಬಿಸಿ. ಮಳೆಯಲ್ಲಿ ನಿಂತೇ ತಿಂದೆ. ಪ್ರತಿ ಗುಡಿಯಲ್ಲೂ ಅನ್ನದ ಸಾಲು ಮುಗಿಯುವ ಕಡೆ ನಿಂತು ಕಂಬಗಳ ಹಿಂದೆ ಹುಡುಕುತ್ತಿದ್ದೆ. ಮಾವ ಅಲ್ಲೆಲ್ಲೋ ಬಿಳಿ ಪಂಚೆ ಒದ್ದೆ ಮಾಡಿಕೊಂಡು ನಿಂತಿರಬೇಕು ಎಂದು ಅನ್ನಿಸುತ್ತಿತ್ತು. "ನೋಡ್ಕೊಳ್ಳಿ ಮಾವ, ಊರೋರಿಗೆಲ್ಲ ಊಟ, ನಿಮಗಿಲ್ಲ. ಕಾಯ್ಬೇಡಿ," ಎಂದು ಕನ್ನಡದಲ್ಲಿ ಜೋರಾಗಿಯೇ ಹೇಳುತ್ತಿದ್ದೆ. ಪಕ್ಕದವರು ಮಂತ್ರ ಎಂದುಕೊಂಡು ಕೈ ಮುಗಿದರು. ಇಷ್ಟು ಖುಷಿಯಾಗಿ ನಾನು ಯಾವ ಊರಿನಲ್ಲೂ ನಡೆದಿಲ್ಲ.

ಆರು ಗುಡಿ ಮುಗಿದಿದ್ದವು. ಏಳನೆಯದಕ್ಕೆ ಅಮಾವಾಸ್ಯೆಯ ಬೆಳಿಗ್ಗೆ ಮನೆಯೊಡತಿಯೇ ಕರೆದುಕೊಂಡು ಹೋದಳು, ಅವಳ ಮನೆಯವರದ್ದು ಅದೇ ಗುಡಿ. ದೊಡ್ಡ ಹಜಾರ, ಸೂರಿನಿಂದ ನಾಲ್ಕೂ ಕಡೆ ನೀರಿನ ಪರದೆ. ಕೇಸರಿ ತೊಟ್ಟ ಸನ್ಯಾಸಿಗಳ ಮುಂದೆ ಜನ ಚಾಪೆಯ ಮೇಲೆ ಕೂತು, ಮಡಿಲಲ್ಲಿ ಕಾಗದ ಇಟ್ಟುಕೊಂಡು ಹೆಸರು ಬರೆಯುತ್ತಿದ್ದರು. ಅವಳೂ ಬರೆಯತೊಡಗಿದಳು. ನಾನು ಕಂಬಕ್ಕೆ ಒರಗಿ, ಇಂದಿಗೆ ಮಾವನ ಸುತ್ತಾಟ ಮುಗಿಯಿತು ಎಂದು ನೆನೆಯುವಷ್ಟರಲ್ಲಿ ಫೋನ್ ಬಂತು. ನನ್ನ ಗಂಡ. ನಮ್ಮಲ್ಲಿ ಆಗ ಇನ್ನೂ ಒಂಬತ್ತೂವರೆ.

"ಎಡೆ ಇಟ್ಟೆ ಕಣೇ. ಬಾಗಿಲು ಮುಚ್ಕೊಂಡು ಹೊರಗಡೆ ನಿಂತಿದ್ದೀನಿ," ಎಂದರು.

"ಯಾರು ಅಡುಗೆ ಮಾಡಿದ್ದು?"

"ನಾನೇ. ಬೆಳಿಗ್ಗೆ ಬೇಗ ಎದ್ದೆ. ಯಾರ್ನೂ ಕರೀಲಿಲ್ಲ. ಮುದ್ದೆ ಬರೀ ಗಂಟು."

ವಿಮಾನ ಹತ್ತಿ, ಆರು ಗುಡಿ ಸುತ್ತಿ, ಚಪ್ಪಲಿ ಕಳೆದುಕೊಂಡು ಮಾಡಿದ್ದೆಲ್ಲ ಒಂದು ಗಂಟು ಮುದ್ದೆಯಲ್ಲಿ ಹಾಳಾಗಿತ್ತು. "ಆ ಮನುಷ್ಯನಿಗೆ ಅದೇ ಜಾಸ್ತಿ," ಎಂದೆ.

"ಸಾರಿಗೆ ಉಪ್ಪು ಹಾಕಿದೀನಿ," ಎಂದರು.

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಹತ್ತು ವರ್ಷ ಉಪ್ಪಿಲ್ಲದ್ದು ತಿಂದಿದ್ದೀನಿ. ಗೊತ್ತಾಗಲ್ಲ ಅಂದ್ಕೊಂಡಿದ್ಯಾ?"

"ಗೊತ್ತಿದ್ದು ಯಾಕೆ ಸುಮ್ನಿದ್ರಿ?"

"ಅದು ನನಗೆ ಸೇರಬೇಕಾದ್ದೇ ಅಲ್ವಾ ಅಂತ. ಆವತ್ತು ಫೋನ್ ಎತ್ತಿದ್ದು ಅಪ್ಪ ಅಲ್ಲ. ನಾನು."

ಸನ್ಯಾಸಿಗಳು ಹೆಸರು ಓದಲು ಶುರು ಮಾಡಿದ್ದರು. ನಾನು ಒಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡೆ.

"ಸಾವಿನ ಸುದ್ದಿ ಬಂದಿರೋ ಮನೇಲಿ ಆ ಅಪಾರ್ಟ್‌ಮೆಂಟಿನೋರು ರುಜು ಹಾಕ್ದೆ ಎದ್ದು ಹೋಗ್ಬಿಡ್ತಿದ್ರು. ಕಾಯ್ಬೇಡಿ ಅಂದೋನು ನಾನೇ. ಅಪ್ಪಂಗೆ ಗೊತ್ತಾಗಿದ್ದು ಅವರೆಲ್ಲ ಹೋದ್ಮೇಲೆ. ಗೊತ್ತಾದ ತಕ್ಷಣ ನಿನ್ನ ಕರೆದ್ರು."

"ಮತ್ತೆ ನಾನೇ ಅಂದೆ ಅಂತ ಅಂದ್ರಲ್ಲ ನನ್ನ ಮುಂದೆ."

"ನೀನು ಮಗೂನ ಕರ್ಕೊಂಡು ತವರಿಗೆ ಹೊರಟುಬಿಡ್ತೀಯ ಅಂತ ಅವರಿಗೆ ಭಯ. ನಾನೂ ಬಾಯಿ ಬಿಡಲಿಲ್ಲ. ಮುಖ ತೊಳೀತಾ ನಿಂತೆ."

ಹೊರಟೇ ಹೋಗುತ್ತಿದ್ದೆ. ಅದು ಆ ಮುದುಕನಿಗೆ ಗೊತ್ತಿತ್ತು. ಮಗನ ಮನೆ ಉಳಿಸಲು ಸುಳ್ಳು ಹೇಳಿ, ಹದಿನೈದು ವರ್ಷ ನನ್ನ ಉರಿಗಣ್ಣಿನ ಮುಂದೆ ತಟ್ಟೆ ತೊಳೆದಿಟ್ಟು ಎದ್ದು ಹೋದರು. ಅವರ ಮೇಲಿನ ಸಿಟ್ಟು ಆ ಕ್ಷಣಕ್ಕೆ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಅಪ್ಪ ಮಗ ಸೇರಿ ನನ್ನ ಸೇಡನ್ನೂ ಕದ್ದಿದ್ದರು. ನನ್ನ ಕೈಗೆ ಸಿಗಬೇಕಾದವನು ನನ್ನ ಪಕ್ಕದಲ್ಲೇ ಮಲಗಿ, ನಾನು ಮಾಡಿದ್ದನ್ನು ಉಂಡು, ನನಗೆ ಜ್ವರ ಬಂದಾಗ ಮಾತ್ರೆ ತಂದುಕೊಟ್ಟು, ಇಪ್ಪತ್ತಾರು ವರ್ಷ ಒಳ್ಳೆಯವನಾಗಿ ಕಳೆದುಬಿಟ್ಟಿದ್ದ. ವರ್ಷಕ್ಕೊಂದು ದಿನ ಉಪ್ಪಿಲ್ಲದ ಸಾರು ಕುಡಿದು, ಶಿಕ್ಷೆ ಮುಗಿಯಿತೆಂದು ಬಾಯಿ ಒರೆಸಿಕೊಳ್ಳುತ್ತಿದ್ದ.

"ಬಾಗಿಲು ತೆಗೀಲಾ? ಉಂಡಿರ್ತಾರಾ?" ಎಂದು ಆ ಕಡೆಯಿಂದ ಕೇಳಿದರು.

"ಉಪ್ಪು ಹಾಕಿದೀರಲ್ಲ, ಉಂಡಿರ್ತಾರೆ. ತೆಗೀರಿ. ಕೆಮ್ಮೋದು ಮರೀಬೇಡಿ," ಎಂದೆ. ಫೋನ್ ಇಟ್ಟೆ.

ಚಾಪೆಯ ಮೇಲೆ ಕೂತು ಮನೆಯೊಡತಿಯ ಹತ್ತಿರ ಒಂದು ಕಾಗದ ಕೇಳಿದೆ. ಅವಳು ಸಂತೋಷದಿಂದ ಪೆನ್ನನ್ನೂ ಕೊಟ್ಟಳು. ಮೊದಲು ಅಮ್ಮನ ಹೆಸರು ಬರೆದೆ. ನಮ್ಮಲ್ಲಿ ಮದುವೆಯಾದ ಮಗಳು ತವರಿನ ಹಿರಿಯರಿಗೆ ಎಡೆ ಇಡುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಅಮ್ಮನಿಗೆ ಒಂದು ತುತ್ತೂ ಹೋಗಿರಲಿಲ್ಲ. ಅದರ ಕೆಳಗೆ ಮಾವನ ಹೆಸರು ಬರೆದೆ. ಆರು ಗುಡಿ ಸುತ್ತಿಸಿದ್ದೆನಲ್ಲ, ಏಳನೆಯದರಲ್ಲಿ ಕೂರಲಿ ಎಂದು. ಆಮೇಲೆ ಪೆನ್ನು ಹಿಂದಕ್ಕೆ ಕೊಡಲು ಹೋದವಳು ಕೊಡಲಿಲ್ಲ. ಮೂರನೆಯ ಸಾಲನ್ನೂ ಬರೆದೆ. ಅಕ್ಷರ ದುಂಡಗೆ ಬಂದವು.

ಕನ್ನಡ ಓದಲು ಬಾರದ ಸನ್ಯಾಸಿಗೆ ನಾನೇ ಒಂದೊಂದಾಗಿ ಹೇಳಿಕೊಟ್ಟೆ, ಅವರು ಮೈಕಿನಲ್ಲಿ ಹೇಳಿದರು. ಅಮ್ಮನ ಹೆಸರಿಗೆ ನಾಲಿಗೆ ಹೊರಳಲಿಲ್ಲ, ಮಾವನದಕ್ಕೂ ತಡವರಿಸಿದರು. ಮೂರನೆಯದು ಮಾತ್ರ ಸ್ಪಷ್ಟವಾಗಿ ಬಂತು, ಹಜಾರಕ್ಕೆಲ್ಲ ಕೇಳಿಸಿತು. ಹಿತ್ತಾಳೆಯ ಬಟ್ಟಲಿನಲ್ಲಿ ಚೀಟಿ ಉರಿದು ಕಪ್ಪಾಯಿತು. ಆ ಮೂರು ಹೆಸರಿಗೂ ಅನ್ನ ಇಟ್ಟೆವು.

ಯಾರೂ ಇಲ್ಲ ಎಂದಿದ್ದವಳು ಮೂವರ ಹೆಸರು ಕೊಟ್ಟದ್ದು ನೋಡಿ ಮನೆಯೊಡತಿಗೆ ಮರುಕ ಉಂಟಾಗಿರಬೇಕು. ಬರುವಾಗ ಛತ್ರಿಯನ್ನು ನನ್ನ ಕಡೆಗೇ ಹೆಚ್ಚು ವಾಲಿಸಿ ಹಿಡಿದಿದ್ದಳು. ಮೊದಲನೆಯವರು ಯಾರು ಎಂದು ಕೇಳಿದಳು. ಅಮ್ಮ ಎಂದೆ. ಎರಡನೆಯವರು ಗಂಡನ ಅಪ್ಪ ಎಂದೆ. ಮೂರನೆಯವರು ಗಂಡ ಎಂದಾಗ ನಿಂತುಬಿಟ್ಟಳು. ಅಯ್ಯೋ, ಯಾವಾಗ ಹೋದರು ಎಂದು ನನ್ನ ಕೈ ಹಿಡಿದುಕೊಂಡಳು.

ನನ್ನ ಅಮ್ಮ ಹೋದ ದಿನವೇ, ಎಂದೆ.